ಹೂವಿಲ್ಲದ ಜಪಾನಿ ಕೋವಿ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವಳು, ಈಗ ಅಮೆರಿಕದ ಒಹಾಯೊದಲ್ಲಿದ್ದೇನೆ. ಪಕ್ಕದ ಮನೆಯಾಕೆಯ ತಂದೆ ಅಲ್ಲಿನ ನೌಕಾಪಡೆಯಲ್ಲಿದ್ದರಂತೆ. 1945ರಲ್ಲಿ ಯೊಕೊಸುಕಾ ಬಂದರಿನಿಂದ ಅವರು ತಂದ ಜಪಾನಿ ಕೋವಿಯೊಂದು ಅಟ್ಟದ ಮೇಲೆ ಸಿಕ್ಕಿದೆ. ಜಪಾನಿ ಕೋವಿ ಅಂದರೆ ಸೇವಂತಿಗೆ ಹೂವಿನ ಮುದ್ರೆ ಇರಬೇಕಂತೆ, ಇದರಲ್ಲಿ ಇಲ್ಲ. ಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಅದರ ಮುಂದೆ ಅಂಕಿಗಳು, ಅಷ್ಟೇ. ಹಿಂದಿನ ಮರ ಒಡೆದು ಅಂಟಿಸಿದ ಹಾಗಿದೆ. ಯಾರೋ ‘ಟೈಪ್ ಒನ್’ ಅಂದರಂತೆ. ಆಕೆಯ ಮಗ ಮರ ಉಜ್ಜಿ ಪಾಲಿಶ್ ಹಾಕಿ, ಒಮ್ಮೆ ಗುಂಡು ಹಾರಿಸಿ ನೋಡಬೇಕು ಅಂತಿದ್ದಾನೆ. ಫೋಟೋ ಕಳಿಸಿದ್ದೇನೆ. ಇದು ಯಾವ ಕೋವಿ?

ಉತ್ತರ: ತಂಗೀ, ಮೊದಲು ಆ ಹುಡುಗನ ಕೈಯಿಂದ ಉಪ್ಪುಕಾಗದ ಕಿತ್ತುಕೊಳ್ಳಿ. ಉಳಿದದ್ದು ಆಮೇಲೆ.

ನಾನು 24 ವರ್ಷ ಸೇನೆಯಲ್ಲಿ ಆರ್ಮರರ್, ಅಂದರೆ ಕೋವಿ ರಿಪೇರಿ ಮಾಡುವವನು, ಆಗಿದ್ದವನು. ಜಪಾನಿ ಕೋವಿಯನ್ನು ಮೊದಲು ಮುಟ್ಟಿದ್ದು ಕೆಲಸ ಕಲಿಯುತ್ತಿದ್ದಾಗ. 1945ರಲ್ಲಿ ಸೋತ ಮೇಲೆ ಜಪಾನಿನವರು ಒಪ್ಪಿಸಿದ್ದ ಒಂದನ್ನು ಪಲ್ಟನ್ನಿನವರು ಗೋಡೆಗೆ ತೂಗುಹಾಕಿದ್ದರು. ಅದರಲ್ಲೂ ಹೂವು ಕಾಣಲಿಲ್ಲ. ‘ಇದಕ್ಕೆ ಮುದ್ರೆ ಹಾಕೇ ಇಲ್ಲ ಉಸ್ತಾದ್’ ಅಂದೆ. ಉಸ್ತಾದ್ ನನಗೆ ಕಣ್ಣು ಮುಚ್ಚಲು ಹೇಳಿ, ನನ್ನ ಹೆಬ್ಬೆರಳನ್ನು ನಳಿಕೆಯ ಬುಡದಲ್ಲಿ, ತೋಟಾ ಕೂರುವ ಜಾಗದ ಮೇಲೆ ನಿಧಾನವಾಗಿ ಎಳೆದರು. ದುಂಡಗಿರಬೇಕಾದ ಕಬ್ಬಿಣ ಅಲ್ಲಿ ಒಂದು ಕಾಳಿನಷ್ಟು ಚಪ್ಪಟೆಯಾಗಿತ್ತು. ಯಾರೋ ಅರದಿಂದ ಹೂವನ್ನು ಉಜ್ಜಿ ತೆಗೆದಿದ್ದರು. ಕಣ್ಣಿಗೆ ಸಿಗದ್ದು ಹೆಬ್ಬೆರಳಿಗೆ ಸಿಕ್ಕಿತು.

ಹದಿನಾರು ದಳದ ಆ ಸೇವಂತಿಗೆ ಜಪಾನ್ ಚಕ್ರವರ್ತಿಯ ಮುದ್ರೆ. ಸೋತ ಮೇಲೆ ಒಪ್ಪಿಸಿದ ಕೋವಿಗಳಲ್ಲಿ ಎಷ್ಟೋ ಕೋವಿಗಳಿಂದ ಅದನ್ನು ಉಜ್ಜಿ ತೆಗೆದಿದ್ದಾರೆ. ಅದಕ್ಕೇ ಹೂವಿಲ್ಲದ ಕೋವಿ ಕಂಡರೆ ಎಲ್ಲರೂ ‘ಉಜ್ಜಿದ್ದಾರೆ’ ಅಂದುಬಿಡುತ್ತಾರೆ. ನಿಮ್ಮ ನಾಲ್ಕನೆಯ ಫೋಟೋ ನೋಡುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಅದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಅದರಲ್ಲಿರುವ ಬೋಲ್ಟ್, ಅಂದರೆ ತೋಟಾವನ್ನು ನಳಿಕೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ, ಜಪಾನಿನದ್ದೇ ಅಲ್ಲ!

ಜಪಾನಿ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಎರಡು ಕೋವಿ. ಒಂದು ಟೈಪ್ 38. ಮೇಜಿ ಚಕ್ರವರ್ತಿಯ 38ನೇ ವರ್ಷ, ಅಂದರೆ 1905ರದ್ದು. ಇನ್ನೊಂದು 1939ರ ಟೈಪ್ 99. ಎರಡರಲ್ಲೂ ಬೋಲ್ಟಿನ ಹಿಂಬದಿಯಲ್ಲಿ ಡಬ್ಬಿಯ ಮುಚ್ಚಳದಂಥ ದುಂಡು ಗುಂಡಿ ಇರುತ್ತದೆ. ಅಂಗೈಯಿಂದ ಒತ್ತಿ ತಿರುಗಿಸಿದರೆ ಸೇಫ್ಟಿ, ಅಂದರೆ ಗುಂಡು ಹಾರದಂತೆ ಬೀಗ. ಬೋಲ್ಟಿನ ಹಿಡಿಯ ತುದಿ ಮೊಟ್ಟೆಯ ಹಾಗೆ ಉದ್ದುದ್ದ. ನಿಮ್ಮ ಫೋಟೋದಲ್ಲಿ ಆ ಮುಚ್ಚಳ ಎಲ್ಲಿದೆ? ಅಲ್ಲಿರುವುದು ಬೆರಳಲ್ಲಿ ತಿರುಗಿಸುವ ಸಣ್ಣ ರೆಕ್ಕೆ. ಹಿಡಿಯ ತುದಿ ಗೋಲಿಯಂತೆ ದುಂಡಗಿದೆ. ಇದು ಇಟಲಿಯ ಕಾರ್ಕಾನೊ ಕೋವಿಯ ಬೋಲ್ಟ್.

ಹಾಗಂತ ಇದು ಇಟಲಿ ಸೈನ್ಯದ ಕೋವಿಯೂ ಅಲ್ಲ. ಅವರ ಕಾರ್ಕಾನೊಗೆ ಆರು ತೋಟಾಗಳನ್ನು ಕ್ಲಿಪ್ ಸಮೇತ ತುರುಕಬೇಕು. ಖಾಲಿಯಾದ ಕ್ಲಿಪ್ ಅಡಿಯ ತೂತಿನಿಂದ ಕೆಳಗೆ ಬೀಳುತ್ತದೆ. ಆ ತೋಟಾ ಪೆಟ್ಟಿಗೆ ಮರದಿಂದ ಹೊರಗೆ ಚಾಚಿಕೊಂಡಿರುತ್ತದೆ. ನಿಮ್ಮದರ ಹೊಟ್ಟೆ ಸಪಾಟಾಗಿದೆ. ಐದು ತೋಟಾ ಮರದೊಳಗೇ ಕೂರುತ್ತವೆ, ಟೈಪ್ 38ರ ಹಾಗೆ. ಇನ್ನು ‘ಒಡೆದು ಅಂಟಿಸಿದ’ ಮರ. ಅದು ಒಡೆದದ್ದಲ್ಲ. ಜಪಾನಿನವರು ಭುಜಕ್ಕೆ ಒತ್ತುವ ಆ ಹಿಂದಿನ ಮರವನ್ನು ಮೇಲೊಂದು ಕೆಳಗೊಂದು ತುಂಡು ಮಾಡಿ, ಒಂದಕ್ಕೊಂದು ಕಚ್ಚಿಸಿ ಕೂರಿಸುತ್ತಿದ್ದರು. ದೊಡ್ಡ ಮರ ಬೇಕಾಗುವುದಿಲ್ಲ, ಸೀಳುವುದೂ ಕಡಿಮೆ. ಬಡಗಿ ಕೆಲಸ ಗೊತ್ತಿದ್ದವರಿಗೆ ಆ ಗೆರೆ ನೋಡಿದರೆ ಖುಷಿಯಾಗುತ್ತದೆ.

ಬೋಲ್ಟ್ ಇಟಲಿಯದ್ದು, ಮೈ ಜಪಾನಿನದ್ದು. ಅಂಥ ಮಾದರಿಯ ಕೋವಿ ಒಂದೇ ಇರುವುದು. ಜಪಾನಿನಲ್ಲಿ ಅದಕ್ಕೆ ‘ಇ ಶಿಕಿ’ ಅಂತಾರೆ. ಶಿಕಿ ಅಂದರೆ ಮಾದರಿ, ‘ಇ’ ಅಂದರೆ ಇಟಲಿ. ಇಂಗ್ಲಿಷಿನಲ್ಲಿ ಬರೆಯುವಾಗ ಆ ‘ಇ’ಗೆ ‘ಐ’ ಹಾಕಿದರು. ಓದಿದವರು ಅದನ್ನು ರೋಮನ್ ಅಂಕಿ ಒಂದು ಅಂದುಕೊಂಡರು. ನಿಮಗೆ ಯಾರೋ ‘ಟೈಪ್ ಒನ್’ ಅಂದದ್ದು ಅದಕ್ಕೇ. ಕನ್ನಡದಲ್ಲಿ ಬರೆದರೆ ಈ ಗೊಂದಲವೇ ಇಲ್ಲ ಅಲ್ವಾ?

ಇಟಲಿ ಯಾಕೆ ಅಂದರೆ, 1937ರಲ್ಲಿ ಚೀನಾ ಮೇಲೆ ಯುದ್ಧ ಶುರುವಾಗಿ, ಜಪಾನಿನ ಕಾರ್ಖಾನೆಗಳಿಗೆ ಭೂಸೇನೆಗೆ ಕೋವಿ ಒದಗಿಸುವುದೇ ಕಷ್ಟವಾಗಿತ್ತು. ನೌಕಾಪಡೆಗೂ ದಡಕ್ಕಿಳಿಯುವ ಸೈನಿಕರಿಗಾಗಿ ಕೋವಿ ಬೇಕಿತ್ತು. ಅದೇ ವರ್ಷ ನವೆಂಬರಿನಲ್ಲಿ ಜಪಾನ್, ಜರ್ಮನಿಗಳ ಒಪ್ಪಂದಕ್ಕೆ ಇಟಲಿಯೂ ಸೇರಿತು. ಸುಮಾರು 60,000 ಕೋವಿಗಳನ್ನು ಇಟಲಿಯಲ್ಲಿ ಮಾಡಿಸಿ ತರಿಸಿಕೊಂಡರು. ಬೆರೆಟ್ಟಾ ಕೂಡ ಅವನ್ನು ಮಾಡಿಕೊಟ್ಟ ಕಂಪನಿಗಳಲ್ಲೊಂದು. ಜಪಾನಿನಲ್ಲಿ ಹುಟ್ಟದ ಈ ಕೋವಿಗೆ ಹೂವಿನ ಮುದ್ರೆ ಬೀಳಲೇ ಇಲ್ಲ. ನಂಬರಿನ ಹಿಂದೆ ಜಪಾನಿ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ ಬಂದಿರುವುದೂ ಇದೇ ಕಾರಣಕ್ಕೆ. ಯೊಕೊಸುಕಾ ಆಗ ಜಪಾನಿ ನೌಕಾಪಡೆಯದ್ದೇ ನೆಲೆಯಾಗಿತ್ತು. ಆಕೆಯ ತಂದೆಯ ಕೈಗೆ ಇದು ಅಲ್ಲಿ ಸಿಕ್ಕಿತು ಅಂದರೆ ಚೆನ್ನಾಗಿ ಹೊಂದುತ್ತದೆ.

ಹೂವಿಲ್ಲದ್ದು ಇನ್ನೊಂದಿದೆ. ಶಾಲಾ ಮಕ್ಕಳ ಕವಾಯತಿಗೆ ಮಾಡಿದ ಕೋವಿ. ನೋಡಲು ಅಸಲಿಯಂತೆಯೇ ಇರುತ್ತದೆ. ಆದರೆ ಮೆತ್ತನೆಯ ಕಬ್ಬಿಣ, ನಳಿಕೆಯೊಳಗೆ ತಿರುಚು ಗೆರೆ ಇಲ್ಲ, ಸುಮ್ನೆ ಶಬ್ದ ಮಾಡುವ ತೋಟಾಕ್ಕೆ ಮಾತ್ರ. ಅದರಲ್ಲಿ ನಿಜವಾದ ಗುಂಡು ಹಾಕಿದರೆ ಕೋವಿ ಮುಖದ ಮುಂದೆಯೇ ಒಡೆಯಬಹುದು. ನಿಮ್ಮದು ಅದಲ್ಲ. ಕೊನೆಯ ಫೋಟೋದಲ್ಲಿ ನಳಿಕೆಯೊಳಗಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಆದರೂ ಹಾರಿಸಬೇಡಿ ಅಂತಲೇ ಹೇಳುತ್ತೇನೆ. ಇದಕ್ಕೆ ಬೇಕಾದದ್ದು 6.5 ಮಿಲಿಮೀಟರಿನ ಜಪಾನಿ ತೋಟಾ. ಇಟಲಿಯ ಕಾರ್ಕಾನೊ ತೋಟಾ ಕೂಡ 6.5. ಬೋಲ್ಟ್ ನೋಡಿ ಯಾರಾದರೂ ಅದನ್ನೇ ತಂದುಕೊಟ್ಟಾರು. ಎರಡೂ ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಹಾಕಲೇಬಾರದು. ಎಂಬತ್ತು ದಾಟಿದ ಕಬ್ಬಿಣ ಬೇರೆ. ಹುಡುಗ ಹಟ ಹಿಡಿದರೆ, ಅಲ್ಲಿಯ ಒಳ್ಳೆಯ ಕೋವಿ ಮೆಕ್ಯಾನಿಕ್ ಒಬ್ಬರು ಎಲ್ಲ ಬಿಚ್ಚಿ ನೋಡಿ ಸರಿ ಅನ್ನುವವರೆಗೆ ತೋಟಾ ಮುಟ್ಟುವುದು ಬೇಡ.

ಪಾಲಿಶ್ ಅಂತೂ ಬೇಡವೇ ಬೇಡ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಯನ್ನು ಒರೆಸಿ, ಎಣ್ಣೆ ಸವರಿ, ನಳಿಕೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುತ್ತೇವೆ. ನನ್ನ ಅಜ್ಜನ ಕೋವಿಯ ಮರದಲ್ಲಿ ಅವರ ಕೆನ್ನೆ ತಾಗಿ ತಾಗಿ ಒಂದು ಕಡೆ ಕಪ್ಪಾಗಿದೆ. ಅದನ್ನು ಉಜ್ಜಲು ನಾನು ಯಾರನ್ನೂ ಬಿಟ್ಟಿಲ್ಲ. ನೀವೂ ಹಾಗೇ ಮಾಡಿಸಿ. ಹತ್ತಿಬಟ್ಟೆಗೆ ಎರಡು ಹನಿ ಕೋವಿ ಎಣ್ಣೆ ಹಾಕಿ ಕಬ್ಬಿಣಕ್ಕೆ ಸವರಿ. ಮರಕ್ಕೆ ಒಣ ಬಟ್ಟೆ ಸಾಕು.

ಇನ್ನೊಂದು ಕೆಲಸ. ಹೀಗೆ ಕೋವಿ ತಂದ ಅಮೆರಿಕದ ಸೈನಿಕರಿಗೆ, ಇದನ್ನು ಮನೆಗೆ ಒಯ್ಯಬಹುದು ಅಂತ ಅಧಿಕಾರಿಗಳು ಸಹಿ ಮಾಡಿದ ಚೀಟಿ ಕೊಡುತ್ತಿದ್ದರು. ಅಟ್ಟದ ಪೆಟ್ಟಿಗೆಗಳಲ್ಲಿ, ಹಳೆಯ ಕಾಗದಗಳ ನಡುವೆ ಇನ್ನೊಮ್ಮೆ ಹುಡುಕಲು ಆಕೆಗೆ ಹೇಳಿ. ಸಿಕ್ಕಿದರೆ ಕೋವಿಯ ಜೊತೆಗೇ ಇಡಿಸಿ, ನನಗೂ ಒಂದು ಫೋಟೋ ಕಳಿಸಿ.