ನಿಯಾಮ್ಹ್ ಅಲ್ಲ, ನೀವ್

ಡಬ್ಲಿನ್‌ಗೆ ಬಂದು ಮೂರು ವಾರ ಆಯ್ತು, ಟೀಮ್‌ನಲ್ಲಿ ಅರ್ಧ ಜನರ ಹೆಸರು ಓದೋಕೇ ಬರ್ತಿಲ್ಲ, ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಕೇಳಿ. ಖುಷಿಯಿಂದ ಹೇಳಿಕೊಡುತ್ತಾರೆ.

ಎನ್-ಐ-ಎ-ಎಂ-ಎಚ್ ಅಂತ ಬರೆಯುವ ನಿಮ್ಮ ಮ್ಯಾನೇಜರ್ ಹೆಸರು ‘ನೀವ್’. ನಮ್ಮ ‘ನೀವು’ ಇದೆಯಲ್ಲ, ಕೊನೆಯ ಉಕಾರ ಬಿಟ್ಟರೆ ಅದೇ! ಐರಿಷ್‌ನಲ್ಲಿ ಎಂ ಅಥವಾ ಬಿ ಪಕ್ಕ ಎಚ್ ಬಂದರೆ ಸಾಮಾನ್ಯವಾಗಿ ‘ವ’ ಆಗುತ್ತದೆ. ಹಿಂದೆ ಅಕ್ಷರದ ತಲೆ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಆ ಚುಕ್ಕೆಯ ಜಾಗಕ್ಕೆ ಎಚ್ ಬಂತು, ಅಷ್ಟೇ.

ನೀವ್ ಅಂದರೆ ಹೊಳಪು. ಐರಿಷ್ ಪುರಾಣ ಕಥೆಯಲ್ಲಿ ಈ ಹೆಸರಿನವಳು ಕಡಲ ದೇವರು ಮನನಾನ್‌ನ ಮಗಳು. ಬಿಳಿ ಕುದುರೆ ಏರಿ ಬಂದು ಒಶೀನ್ ಎಂಬ ವೀರನನ್ನು ಮುಪ್ಪೇ ಇಲ್ಲದ ನಾಡಿಗೆ ಕರೆದುಕೊಂಡು ಹೋಗುತ್ತಾಳೆ. ಅವನಿಗೆ ಅಲ್ಲಿ ಮೂರು ವರ್ಷ ಕಳೆದಂತೆ ಅನಿಸುತ್ತದೆ, ಇಲ್ಲಿ 300 ವರ್ಷ ಆಗಿರುತ್ತದೆ. ಒಮ್ಮೆ ಊರು ನೋಡಿ ಬರ್ತೀನಿ ಅಂತ ಹೊರಟವನಿಗೆ ಕುದುರೆಯಿಂದ ಇಳಿಯಬೇಡ ಅಂತಾಳೆ. ಬಂದು ನೋಡಿದರೆ ಅವನ ಜನ ಯಾರೂ ಇಲ್ಲ. ಕುದುರೆಯಿಂದ ಬಿದ್ದು ಮೈ ನೆಲಕ್ಕೆ ತಾಗಿದ್ದೇ ತಡ, ಹಣ್ಣು ಹಣ್ಣು ಮುದುಕನಾಗುತ್ತಾನೆ. ನಾನು ಊರು ಬಿಟ್ಟು ಹದಿನೆಂಟು ವರ್ಷ. ರಜೆಗೆ ಹೋದಾಗ ನಮ್ಮ ಬೀದಿಯಲ್ಲಿ ಗುರುತಿನ ಮುಖ ಕಾಣದಿದ್ದರೆ ಒಶೀನ್ ನೆನಪಾಗುತ್ತಾನೆ.

ಒಶೀನ್ ಅಂದರೆ ಮರಿಜಿಂಕೆ. ಅವನ ತಾಯಿಯನ್ನು ಮಾಟದಿಂದ ಜಿಂಕೆ ಮಾಡಿದ್ದರಂತೆ.

ನಮ್ಮ ಪಕ್ಕದ ಮನೆಯ ಅಜ್ಜಿಯ ಹೆಸರು ಮೇವ್. ಸ್ಲೈಗೋ ಕಡೆಯವರು. ಅಲ್ಲಿ ನಾಕ್ನರೇ ಗುಡ್ಡದ ತುದಿಯಲ್ಲಿ ದೊಡ್ಡ ಕಲ್ಲುಗುಪ್ಪೆ ಇದೆ, ಕಾನಾಕ್ಟ್‌ನ ರಾಣಿ ಮೇವ್‌ಳ ಸಮಾಧಿ ಅಂತ ಜನ ನಂಬುತ್ತಾರೆ. ಆ ಹೆಸರಿನ ಬೇರು ಜೇನಿನಿಂದ ಮಾಡುವ ಮದ್ಯದ್ದು, ಮತ್ತೇರಿಸುವವಳು ಅಂತ ಅರ್ಥ. ನಮ್ಮ ‘ಮಧು’ ಕೂಡ ಅದೇ ಬೇರಿನದು! ಇದನ್ನು ಹೇಳಿದಾಗ ಅಜ್ಜಿ ಟೀ ಕಪ್ ಕೆಳಗಿಟ್ಟು, ‘ಮಧು, ಮಧು’ ಅಂತ ನಾಲ್ಕೈದು ಸಲ ಹೇಳಿ ನೋಡಿದರು. ಈಗಲೂ ಬೇಲಿ ಆಚೆಯಿಂದ ಯಾವಾಗಲಾದರೂ ನೆನಪಿಸುತ್ತಾರೆ.

ಭಾನುವಾರ ಬಿಡುವಿದ್ದರೆ ಪಾರ್ನೆಲ್ ಸ್ಕ್ವೇರ್‌ನ ಗಾರ್ಡನ್ ಆಫ್ ರಿಮೆಂಬ್ರೆನ್ಸ್‌ಗೆ ಹೋಗಿ ಬನ್ನಿ. 1971ರಲ್ಲಿ ಇಟ್ಟ ಹಂಸಗಳ ಶಿಲ್ಪ ಅಲ್ಲಿದೆ. ಈಫಾ ಎಂಬ ಮಲತಾಯಿ ಲಿರ್‌ನ ನಾಲ್ಕು ಮಕ್ಕಳನ್ನು 900 ವರ್ಷ ಹಂಸಗಳಾಗಿರುವಂತೆ ಮಾಡಿದ ಕಥೆ ಅದು. ಆದರೂ ಈಫಾ ಹೆಸರನ್ನು ಜನ ಬಿಟ್ಟಿಲ್ಲ, ನಿಮ್ಮ ಆಫೀಸಿನಲ್ಲೂ ಒಬ್ಬರಾದರೂ ಇರಬೇಕು, ಅಲ್ವಾ? ಎ-ಓ-ಐ-ಎಫ್-ಇ ಅಂತ ಕಂಡರೆ ಅವರೇ. ಇನ್ನು ಆ ಶಿಲ್ಪ ಮಾಡಿದವರ ಹೆಸರು ಓ-ಐ-ಎಸ್-ಐ-ಎನ್ ಕೆಲ್ಲಿ. ಓದಿ ನೋಡೋಣ.