ಹಿತ್ತಲಿನ ಪತಂಗ: ದೀಪ, ಬೆಲ್ಲದ ಪಾಕ ಮತ್ತು ನಂದಿಬಟ್ಟಲ ಹುಳು

ಪ್ರಶ್ನೆ: ಹಿತ್ತಲಲ್ಲಿ ಬಿಳಿ ಪಂಚೆ ಕಟ್ಟಿ 9 ವಾಟ್‌ನ ಎಲ್‌ಇಡಿ ಬಲ್ಬ್ ಉರಿಸಿದೆವು. ರೆಕ್ಕೆ ಬಂದ ಗೆದ್ದಲು ಬಿಟ್ಟರೆ ಪತಂಗಗಳು ಬರಲೇ ಇಲ್ಲ. ಎಲ್ಲಿ ತಪ್ಪಿದೆವು? – ಓದುಗರು, ಪುತ್ತೂರು

ಉತ್ತರ: ತಪ್ಪು ಬಲ್ಬಿನದು. ಪತಂಗದ ಕಣ್ಣು ಹೆಚ್ಚು ಸ್ಪಂದಿಸುವುದು ಅತಿನೇರಳೆ ಮತ್ತು ನೀಲಿ ಬೆಳಕಿಗೆ. ಬಿಳಿ ಎಲ್‌ಇಡಿಯಲ್ಲಿ ಅತಿನೇರಳೆ ಬೆಳಕು ಇಲ್ಲವೆಂಬಷ್ಟು ಕಡಿಮೆ. 365 ನ್ಯಾನೊಮೀಟರ್ ಎಂದು ನಮೂದಿಸಿರುವ ಬ್ಲ್ಯಾಕ್‌ಲೈಟ್ (ಅತಿನೇರಳೆ ಬೆಳಕು ಚೆಲ್ಲುವ ದೀಪ) ಕೊಳ್ಳಿ, ಅದನ್ನು ದಿಟ್ಟಿಸಿ ನೋಡಬೇಡಿ. ನೀರು ಶುದ್ಧೀಕರಿಸಲು, ಕೋಣೆಯ ಸೋಂಕು ಕಳೆಯಲು ಬಳಸುವ ಯುವಿ-ಸಿ ದೀಪ ಮಾತ್ರ ಬೇಡವೇ ಬೇಡ. ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಹಳೆಯ ಮರ್ಕ್ಯುರಿ ಬಲ್ಬ್ ಚೆನ್ನಾಗಿಯೇ ಸೆಳೆಯುತ್ತದೆ, ಆದರೆ ಕಾದ ಗಾಜಿಗೆ ಮಳೆಹನಿ ಬಿದ್ದರೆ ಒಡೆದುಹೋಗುತ್ತದೆ.

ಪಂಚೆ ಸರಿಯಾದ ಆಯ್ಕೆ. ಹತ್ತಿಯ ಬಟ್ಟೆಯ ಮೇಲೆ ಪತಂಗದ ಕಾಲು ನಿಲ್ಲುತ್ತದೆ, ನೈಲಾನ್ ಜಾರುತ್ತದೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಕಟ್ಟಿ, ಕೆಳತುದಿಯನ್ನು ಎರಡು ಅಡಿಯಷ್ಟು ನೆಲದ ಮೇಲೆ ಹಾಸಿ, ಕಲ್ಲು ಹೇರಿ. ಬಹಳಷ್ಟು ಪತಂಗಗಳು ಬಟ್ಟೆಗೆ ಬಡಿದು ಕೆಳಗೆ ಬೀಳುತ್ತವೆ. ಹುಲ್ಲಿಗೆ ಬಿದ್ದರೆ ಕಾಲಡಿ ಸಿಕ್ಕಿ ಸಾಯುತ್ತವೆ. ದೀಪ ಬಟ್ಟೆಯಿಂದ ಒಂದಡಿ ಮುಂದೆ, ಎದೆಮಟ್ಟದಲ್ಲಿರಲಿ. ಜಗಲಿಯ ಬಲ್ಬ್ ಆರಿಸಿ. ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ, ಮಳೆ ನಿಂತು ಸೆಕೆಯಾಗುವ ರಾತ್ರಿಗಳೇ ಒಳ್ಳೆಯವು. ಹುಣ್ಣಿಮೆಯಂದು ಕೂತರೆ ಹೆಚ್ಚೇನೂ ಸಿಗದು.

ದೀಪವನ್ನು ರಾತ್ರಿಯಿಡೀ ಬಿಡಬೇಡಿ. ಹಾರುವ ಕೀಟಗಳು ಬೆನ್ನು ಬೆಳಕಿನ ಕಡೆಗಿರುವಂತೆ ಮೈ ವಾಲಿಸುತ್ತವೆ, ಹಾಗಾಗಿ ದೀಪದ ಸುತ್ತಲೇ ಸಿಕ್ಕಿಕೊಳ್ಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂದರೆ ಅವು ಪ್ರೀತಿಯಿಂದ ಬಂದ ಅತಿಥಿಗಳಲ್ಲ. ನೋಡಿ, ಫೋಟೊ ತೆಗೆದು, ದೀಪ ಆರಿಸಿ. ಬೆಳಗಿನವರೆಗೆ ಬಿಟ್ಟರೆ ಪಿಕಳಾರ, ಕಾಜಾಣಗಳಿಗೆ ಹಬ್ಬದೂಟ.

ದೀಪಕ್ಕೆ ಅಷ್ಟಾಗಿ ಬಾರದವಕ್ಕೆ ಬೆಲ್ಲದ ಪಾಕ ಇಡಿ: ಅರ್ಧ ಕೆಜಿ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಕೊಳೆತ ಮೂರು ಬಾಳೆಹಣ್ಣು ಕಿವುಚಿ, ಒಂದು ಲೋಟ ಕಳ್ಳು ಅಥವಾ ಬಿಯರ್ ಸೇರಿಸಿ ಒಂದು ದಿನ ಹುಳಿಯಲು ಬಿಡಿ. ತೆಳ್ಳಗಿದ್ದರೆ ಮರದಿಂದ ಇಳಿದುಹೋಗುತ್ತದೆ, ಜೇನಿನಷ್ಟು ಗಟ್ಟಿಯಿರಲಿ. ಸೂರ್ಯ ಮುಳುಗುವ ಮೊದಲು ಕಾಂಡಕ್ಕೆ ಬಳಿಯಿರಿ. ಚಗಳಿ ಗೂಡಿರುವ ಮಾವು ಬೇಡ, ಪತಂಗಕ್ಕಿಂತ ಮುಂಚೆ ಇರುವೆ ಬರುತ್ತದೆ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿ ನೋಡಿ. ಹಣ್ಣು ಚುಚ್ಚುವ, ಕಿತ್ತಳೆ ಬಣ್ಣದ ಹಿಂರೆಕ್ಕೆಯ ಪತಂಗಗಳು ಬರುವುದು ಇಂಥ ಪಾಕಕ್ಕೇ.

ಪ್ರಶ್ನೆ: ಅಂಗೈಗಿಂತ ದೊಡ್ಡ ಕಂದು ಪತಂಗ ಎರಡು ದಿನದಿಂದ ಗೋಡೆಯ ಮೇಲಿದೆ. ಸಕ್ಕರೆ ನೀರು ಇಟ್ಟರೂ ಕುಡಿಯುತ್ತಿಲ್ಲ. – ಓದುಗರು, ಶಿರಸಿ

ಉತ್ತರ: ಕುಡಿಯಲು ಬಾಯಿಯೇ ಇಲ್ಲ! ಅಷ್ಟು ದೊಡ್ಡದಾದರೆ ಬಹುಶಃ ಅಟ್ಲಾಸ್ ಪತಂಗ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ವಾರದಷ್ಟು ಬದುಕುತ್ತದೆ. ಮೀಸೆ ನೋಡಿ: ಅಗಲವಾದ ಗರಿಯಂತಿದ್ದರೆ ಗಂಡು, ಕಿರಿದಾಗಿದ್ದರೆ ಹೆಣ್ಣು. ಹೆಣ್ಣಾದರೆ ಗಂಧ ಸೂಸುತ್ತ ಗಂಡಿಗಾಗಿ ಕಾದಿರಬಹುದು. ಹತ್ತಿರದ ದೀಪ ಆರಿಸಿ, ಬೆಕ್ಕನ್ನು ದೂರವಿಡಿ, ಮುಟ್ಟಬೇಡಿ.

ಪ್ರಶ್ನೆ: ನಂದಿಬಟ್ಟಲಿನ ಎಲೆಯನ್ನು ಬೆರಳು ಗಾತ್ರದ ಹಸಿರು ಹುಳು ಬೋಳಿಸುತ್ತಿದೆ. ಮುಂಭಾಗದಲ್ಲಿ ಎರಡು ನೀಲಿ ಕಣ್ಣುಗಳಿವೆ. ಔಷಧ ಹೊಡೆಯಲೇ? – ಓದುಗರು, ಬೆಂಗಳೂರು

ಉತ್ತರ: ಬೇಡ. ಅವು ಕಣ್ಣಲ್ಲ, ಹಕ್ಕಿಗಳನ್ನು ಬೆದರಿಸುವ ಚುಕ್ಕೆ. ಇದು ಕಣಗಿಲೆಯನ್ನೂ ತಿನ್ನುವ ಗಿಡುಗ ಪತಂಗದ ಮರಿ. ಬೆಳೆದ ಮೇಲೆ ಹಸಿರು ಅಮೃತಶಿಲೆಯಂಥ ರೆಕ್ಕೆ. ಕಡಿಯದು, ತುರಿಕೆಯೂ ಇಲ್ಲ. (ಮೈತುಂಬ ರೋಮವಿರುವ ಕಂಬಳಿಹುಳ ಬೇರೆ, ಅದನ್ನು ಮುಟ್ಟಬೇಡಿ.) ನಂದಿಬಟ್ಟಲು ಮತ್ತೆ ಚಿಗುರುತ್ತದೆ. ಹುಳು ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದರೆ ಕೋಶ ಕಟ್ಟಲು ಹೊರಟಿದೆ ಎಂದರ್ಥ. ಬುಡದ ತರಗೆಲೆ ಗುಡಿಸಿ ಸುಡದೆ ಎರಡು ಮೂರು ವಾರ ಹಾಗೇ ಬಿಡಿ.