ಓದುಗರ ಪ್ರಶ್ನೆ: ಕೊಂಬು ಚಿಕ್ಕದಾದರೆ ತಪ್ಪು ತಳಿಯದ್ದೇ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನ ಗುಡ್ಡಗಾಡು ಸೀಮೆ ಹಿಲ್ ಕಂಟ್ರಿಯಲ್ಲಿ ನಾಲ್ವರು ಗೆಳೆಯರು ಸೇರಿ 300 ಎಕರೆ ಬೇಟೆ ಜಮೀನನ್ನು ಲೀಸಿಗೆ ಹಿಡಿದಿದ್ದೇವೆ. ಫೀಡರ್‌ನಲ್ಲಿ ವರ್ಷವಿಡೀ ಮೆಕ್ಕೆಜೋಳ ಸುರಿದರೂ ಬಿಳಿಬಾಲದ ಜಿಂಕೆಗಳ ಕೊಂಬು ಕಡ್ಡಿಯ ಹಾಗಿದೆ. ಕವಲೊಡೆಯದ ಗಂಡುಗಳನ್ನು ಹೊಡೆದು ತಳಿ ಸರಿಮಾಡಿ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಬೇಡ. ಕವಲಿಲ್ಲದ ಗಂಡು ಎಂದರೆ ಬಹುಪಾಲು ಒಂದೂವರೆ ವರ್ಷದ್ದು. ತಡವಾಗಿ ಹುಟ್ಟಿದರೂ, ಆ ವರ್ಷ ಮಳೆ ಕೈಕೊಟ್ಟು ತಾಯಿಗೆ ಹಾಲು ಕಮ್ಮಿಯಾದರೂ ಮೊದಲ ಕೊಂಬು ನೆಟ್ಟಗೇ ನಿಲ್ಲುತ್ತದೆ. ತಳಿಯ ಅರ್ಧ ಪಾಲು ತಾಯಿಯದು. ಕೊಂಬೇ ಇಲ್ಲದ ಹೆಣ್ಣುಗಳಲ್ಲಿ ಯಾವುದನ್ನು ಆರಿಸುತ್ತೀರಿ? ಗಂಡಿನ ಕೊಂಬು ಪೂರ್ತಿ ತುಂಬುವುದು 5ರಿಂದ 7 ವರ್ಷದೊಳಗೆ. ಅಲ್ಲಿಯವರೆಗೆ ಬದುಕಲು ಬಿಡಿ. ಕತ್ತು ಎದೆಗೆ ಸೇರಿಹೋಗಿ ಹೊಟ್ಟೆ ಜೋತುಬಿದ್ದಿದ್ದರೆ ವಯಸ್ಸಾಗಿದೆ. ಕಾಲು ಉದ್ದ, ಕತ್ತು ಸಣಕಲು ಕಂಡರೆ ಇನ್ನೂ ಹುಡುಗ.

ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ. 8-9 ಮಾತ್ರ, ಸಾರಿಲ್ಲದ ಬರಿ ಅನ್ನದ ಹಾಗೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕೊಂಬು ಬೆಳೆಯುವಾಗ ಶೇ. 16ರಷ್ಟಾದರೂ ಬೇಕು. ಹಾಕುವುದಿದ್ದರೆ ಪ್ರೋಟೀನ್ ಪೆಲೆಟ್ (ಗುಳಿಗೆ ಮೇವು) ಹಾಕಿ. ಮೆಕ್ಕೆಜೋಳ ಕೊಳ್ಳುವಾಗ ಚೀಲದ ಮೇಲೆ ಅಫ್ಲಾಟಾಕ್ಸಿನ್ (ಬೂಸ್ಟಿನ ವಿಷ) 20 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 20 ಪಾಲು, ಮೀರಿಲ್ಲ ಎಂದಿರಲಿ. ನೆನೆದು ಬೂಸ್ಟು ಬಂದದ್ದನ್ನು ಎಸೆಯಿರಿ.

ಆದರೆ ಪೆಲೆಟ್‌ಗೆ ದುಡ್ಡು ಹಾಕುವ ಮೊದಲು ಜಿಂಕೆಗಳ ತಲೆ ಎಣಿಸಿ. 100 ಎಕರೆಗೊಂದರಂತೆ ಮೂರು ಕ್ಯಾಮೆರಾಗಳನ್ನು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮೇವಿಟ್ಟ ಜಾಗದಲ್ಲಿ 14 ದಿನ ಕಟ್ಟಿ. ಗಂಡುಗಳ 120 ಚಿತ್ರ ಸಿಕ್ಕು, ಕೊಂಬಿನ ಗುರುತಿನಿಂದ ಅವು 12 ಬೇರೆ ಬೇರೆ ಗಂಡುಗಳು ಎಂದಾದರೆ 12ನ್ನು 120ರಿಂದ ಭಾಗಿಸಿ: 0.1, ಅಂದರೆ ಹತ್ತು ಚಿತ್ರಕ್ಕೊಂದು ಜಿಂಕೆ. ಹೆಣ್ಣುಗಳ 300 ಚಿತ್ರಗಳನ್ನು ಅದರಿಂದ ಗುಣಿಸಿದರೆ 30 ಹೆಣ್ಣು, ಗಂಡು ಸೇರಿ 42. ಅಂದರೆ ಮರಿಗಳನ್ನು ಬಿಟ್ಟೇ 7 ಎಕರೆಗೊಂದು ಜಿಂಕೆ. ಆ ಕಲ್ಲುನೆಲಕ್ಕೆ ಇದು ಭಾರ. ಜಿಂಕೆಗೆ ರುಚಿಸದ ಸೀಡರ್ ಮರದ ಕೆಳಗೊಂಬೆಗಳನ್ನೂ ಮೇಯ್ದಿದ್ದರೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಇಳಿಸಬೇಕಾದ್ದು ಹೆಣ್ಣುಗಳನ್ನು, ಅದೂ ಸೀಸನ್ ಶುರುವಿನಲ್ಲೇ. ಉಳಿದ ಮೇವು ಚಳಿಗಾಲಕ್ಕೆ ಒದಗುತ್ತದೆ. ನಿಮ್ಮ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಎಷ್ಟು ಹೊಡೆಯಬಹುದೆಂದು ಮೊದಲು ನೋಡಿಕೊಳ್ಳಿ. ಒಂಟಿಯಾಗಿ ಬಂದ ಚಿಕ್ಕ ಜಿಂಕೆಗೆ ಗುಂಡು ಹಾರಿಸಬೇಡಿ, ಅದು ಹೆಚ್ಚಾಗಿ ಆ ವರ್ಷದ ಗಂಡು ಮರಿ. ಎರಡು ಮೂರು ಒಟ್ಟಿಗೆ ನಿಲ್ಲುವವರೆಗೆ ಕಾದು ಮುಖ ಹೋಲಿಸಿ: ದೊಡ್ಡ ಹೆಣ್ಣಿನ ಮೂತಿ ಉದ್ದ, ಮರಿಯದು ಮೋಟು. ಪಕ್ಕದ ಜಮೀನಿನವರನ್ನೂ ಒಪ್ಪಿಸಿ. ಎತ್ತರದ ಬೇಲಿ ಇಲ್ಲದಿದ್ದರೆ ನೀವು ಬಿಟ್ಟ ಗಂಡು ಅವರ ಕೋವಿಗೆ ಸಿಗುತ್ತದೆ.

ಪ್ರಶ್ನೆ: ಜಿಂಕೆಗೆಂದು ಅರ್ಧ ಎಕರೆ ಲ್ಯಾಬ್‌ಲ್ಯಾಬ್ ಬಿತ್ತಿದೆವು. ಎರಡೆಲೆ ಮೂಡುವಷ್ಟರಲ್ಲಿ ಬೋಳು.

ಉತ್ತರ: ಲ್ಯಾಬ್‌ಲ್ಯಾಬ್ ಎಂದರೆ ನಮ್ಮ ಅವರೆಯೇ, ಟೆಕ್ಸಸ್‌ನವರು ಮೇವಿಗೆಂದೇ ‘ರಿಯೋ ವರ್ಡೆ’ ತಳಿ ಮಾಡಿದ್ದಾರೆ. ಮೊಳಕೆಯ ಬೀಜದಳವನ್ನೂ ಸೇರಿಸಿ ಕಚ್ಚಿದರೆ ಗಿಡ ಮತ್ತೆ ಚಿಗುರುವುದಿಲ್ಲ. ಎಕರೆಗೆ 7-9 ಕಿಲೋ ಬೀಜಕ್ಕೆ ಅಲಸಂದೆಯ ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿ, ನೆಲ ಬೆಚ್ಚಗಾದ ಮೇಲೆ ಒಂದು ಅಂಗುಲ ಆಳಕ್ಕೆ ಬಿತ್ತಿ. ಸುತ್ತ ಎರಡು ಸಾಲು ಕರೆಂಟು ಬೇಲಿ ಕಟ್ಟಿ: ಹೊರಗೆ 18 ಅಂಗುಲ ಎತ್ತರಕ್ಕೆ ಒಂದು ತಂತಿ, ಮೂರಡಿ ಒಳಗೆ 10 ಮತ್ತು 24 ಅಂಗುಲಕ್ಕೆ ಎರಡು. ಸಾಲುಗಳ ನಡುವಿನ ದೂರ ಜಿಂಕೆಗೆ ಅಂದಾಜಾಗದೆ ಹಾರಲು ಹಿಂಜರಿಯುತ್ತದೆ. ಆರೆಂಟು ವಾರ ಬಳ್ಳಿ ಹಬ್ಬಿದ ಮೇಲೆ ಬೇಲಿ ತೆಗೆಯಿರಿ.

ಪ್ರಶ್ನೆ: ನಮ್ಮ ಜಮೀನಿಗೆ ನಮ್ಮ ಊರ ಕಡೆಯ ಕಾಡಿನ ಚುಕ್ಕೆಜಿಂಕೆಯೂ ಬರುತ್ತದೆ. ಬಿಡಬಹುದೇ?

ಉತ್ತರ: ಟೆಕ್ಸಸ್‌ಗೆ ಅದು 1932ರಲ್ಲಿ ಬಂತು. ಎಲೆ, ಸೊಪ್ಪು ಮುಗಿದರೆ ಅದು ಹುಲ್ಲಿನ ಮೇಲೆ ದಿನ ತಳ್ಳುತ್ತದೆ; ಬಿಳಿಬಾಲದ್ದಕ್ಕೆ ಬಲಿತ ಹುಲ್ಲು ಜೀರ್ಣವಾಗದು, ಸೊರಗುತ್ತದೆ. ನಾಗರಹೊಳೆಯಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುವ ಪ್ರಾಣಿಗೆ ಟೆಕ್ಸಸ್‌ನಲ್ಲಿ ಬೇಟೆಯ ಸೀಸನ್ನೂ ಇಲ್ಲ, ಸಂಖ್ಯೆಯ ಮಿತಿಯೂ ಇಲ್ಲ. ಬೇಟೆ ಲೈಸೆನ್ಸು, ಜಮೀನುದಾರರ ಒಪ್ಪಿಗೆ ಇದ್ದರಾಯಿತು. ಕೊಂಬು ಬೇಕೆಂದಾದರೆ ಮೊದಲು ಇಳಿಸಬೇಕಾದ್ದು ಅದನ್ನೇ.